ರಾಜ್ಮಾ ಕುದಿಸಿದೆಯಾ?

ನಮ್ಮ ಮನೆತನದ ವಾಟ್ಸಾಪ್ ಗುಂಪಿನ ಹೆಸರು 'ಹಳೇಮನೆ'. 31 ಜನ ಇದ್ದೇವೆ. ಮಾತಾಡುವವರು ಆರು ಜನ, ಶುಭೋದಯ ಕಳಿಸುವವರು ಹತ್ತು ಜನ, ಉಳಿದವರು ಸುಮ್ನೆ ನೋಡಿಕೊಂಡು ಹೋಗುವವರು. ನಾನಿರುವುದು ಟೆಕ್ಸಸ್‌ನ ಆಸ್ಟಿನ್‌ನಲ್ಲಿ. ದಾವಣಗೆರೆಯಲ್ಲಿ ಬೆಳಗಿನ ಕಾಫಿ ಹೊತ್ತಿಗೆ ಹತ್ತಿಕೊಳ್ಳುವ ಜಗಳ ನನಗೆ ರಾತ್ರಿ ಪಾತ್ರೆ ತೊಳೆಯುವ ಹೊತ್ತಿಗೆ ಬಂದು ತಲುಪುತ್ತದೆ.

ಹೋದ ಅಕ್ಟೋಬರ್‌ನಲ್ಲಿ ನಮ್ಮ ಆಫೀಸಿನಲ್ಲಿ ಚಿಲಿ ಸ್ಪರ್ಧೆ ಇಟ್ಟುಕೊಂಡಿದ್ದರು. ಎಲ್ಲರೂ ಮನೆಯಿಂದ ಒಂದೊಂದು ಪಾತ್ರೆ ಮಾಡಿಕೊಂಡು ಬರುವುದು, ತಿಂದು ಚೀಟಿ ಹಾಕುವುದು. ಚಿಲಿ ಅಂದರೆ ಇಲ್ಲಿ ಬರೀ ಮೆಣಸಿನಕಾಯಿ ಅಲ್ಲ. ಒಣಮೆಣಸಿನಕಾಯಿ, ಜೀರಿಗೆ, ಬೆಳ್ಳುಳ್ಳಿ ಹಾಕಿ ಗಂಟೆಗಟ್ಟಲೆ ಬೇಯಿಸಿದ ಮಾಂಸದ ಗಟ್ಟಿ ಸಾರು. 1977ರಿಂದ ಅದು ಟೆಕ್ಸಸ್ ರಾಜ್ಯದ ಅಧಿಕೃತ ತಿನಿಸು. ನಾನು ಮಾಂಸ ತಿನ್ನದವಳು, ರಾಜ್ಮಾ ಹಾಕಿ ಮಾಡ್ತೀನಿ ಅಂತ ಅಮ್ಮನಿಗೆ ಹೇಳಿದೆ. ಅಮ್ಮ ಹುಬ್ಬಳ್ಳಿ ಅತ್ತೆಗೆ ಹೇಳಿದಳು. ಅಲ್ಲಿಗೆ ಊರಿಗೆಲ್ಲ ಗೊತ್ತಾಯಿತು.

ಸ್ಪರ್ಧೆಯ ಹಿಂದಿನ ರಾತ್ರಿ, ಅಂದರೆ ಅವರಿಗೆ ಬೆಳಿಗ್ಗೆ ಏಳು ಗಂಟೆಗೆ, ಅತ್ತೆ ಒಂದು ಉದ್ದದ ಮೆಸೇಜ್ ಕಳಿಸಿದರು. ಮೇಲೆ 'ಹಲವು ಬಾರಿ ಫಾರ್ವರ್ಡ್ ಆಗಿದೆ' ಅನ್ನುವ ಜೋಡಿ ಬಾಣ. 'ಅಮೆರಿಕದ ಅಡುಗೆಯವರು ಯಾರಿಗೂ ಹೇಳದ 7 ಗುಟ್ಟುಗಳು'. ಒಂದು, ಕಾಫಿ ಪುಡಿ. ಎರಡು, ಸಿಹಿ ಇಲ್ಲದ ಚಾಕೊಲೇಟ್. ಮೂರು, ಪೀನಟ್ ಬಟರ್. ಆಮೇಲೆ ಚಕ್ಕೆ, ಬೆಲ್ಲ. ಆರನೆಯದು, ರಾಜ್ಮಾವನ್ನು ರಾತ್ರಿ ನೆನೆಸಿ, ಕುದಿಸದೆ ಹಾಗೇ ಸ್ಲೋ ಕುಕ್ಕರ್‌ಗೆ (ಗಂಟೆಗಟ್ಟಲೆ ಸಣ್ಣ ಬಿಸಿಯಲ್ಲಿ ಬೇಯಿಸುವ ಕರೆಂಟಿನ ಪಾತ್ರೆ) ಹಾಕಿ, ಕುದಿಸಿದರೆ ಸತ್ವ ಹೋಗುತ್ತದೆ. ಏಳನೆಯದು, ಮೆಣಸಿನಕಾಯಿ ಜಗತ್ತಿಗೆ ಭಾರತದ ಕೊಡುಗೆ, ಹೆಮ್ಮೆಯಿಂದ ಹಂಚಿಕೊಳ್ಳಿ.

ಇವುಗಳಲ್ಲಿ ಮೊದಲ ಐದು ಇಲ್ಲಿ ಗುಟ್ಟೇ ಅಲ್ಲ. ಪಕ್ಕದ ಮನೆಯ ಅಜ್ಜನೂ ಹಾಕುತ್ತಾನೆ, ಹಾಕಿ ಯಾರಿಗೂ ಹೇಳಬೇಡ ಅನ್ನುತ್ತಾನೆ. ಆದರೆ ಅತ್ತೆಗೆ ಬೇಕಾಗಿದ್ದದ್ದು ಒಂದೇ ಸಾಲು.

ಹುಬ್ಬಳ್ಳಿ ಅತ್ತೆ: ಮೊದಲನೇದು ಎಲ್ಲರೂ ಓದಿ. ಹಾಗಲಕಾಯಿ ಗೊಜ್ಜಿಗೆ ನಾನು ಚಿಟಿಕೆ ಕಾಫಿ ಪುಡಿ ಹಾಕಿದಾಗ ಪಂಕ್ತಿಯಲ್ಲಿ ಕೂತು ನಕ್ಕವರು ಯಾರು ಯಾರು ಅಂತ ನನಗೆ ನೆನಪಿದೆ.

ಬೆಂಗಳೂರು ಅಣ್ಣ: ಇದನ್ನ ಬರೆದವರು ಯಾರು? ಮೂಲ ಎಲ್ಲಿದೆ?

ಉಡುಪಿ ಚಿಕ್ಕಮ್ಮ: ಇಷ್ಟು ಖಾರ ತಿಂದರೆ ಮೂಲ ಬರದೇ ಇರುತ್ತದಾ ಮಾರಾಯ. ರಾತ್ರಿ ಮೆಂತ್ಯ ನೆನೆಸಿಟ್ಟು ಬೆಳಿಗ್ಗೆ ಕುಡಿ.

ಈ ಒಂದು ಸಾಲಿಗೆ ಒಂಬತ್ತು ನಗುವ ಮುಖ ಬಂದವು. ಅಣ್ಣನಿಗೆ ಸಿಟ್ಟು ಬಂತು. ಅವನಿಗೆ ಸಿಟ್ಟು ಬಂದರೆ ಪ್ಯಾರಾ ಮಾಡಿ ಬರೆಯುತ್ತಾನೆ.

ಬೆಂಗಳೂರು ಅಣ್ಣ: ಏಳನೇದು ಶುದ್ಧ ಸುಳ್ಳು. ಮೆಣಸಿನಕಾಯಿ ಹುಟ್ಟಿದ್ದು ಮೆಕ್ಸಿಕೋ ಕಡೆ. ಪೋರ್ಚುಗೀಸರು ಹಡಗಿನಲ್ಲಿ ತಂದ ಮೇಲೆ ನಮಗೆ ಸಿಕ್ಕಿದ್ದು. ಅದಕ್ಕೆ ಮುಂಚೆ ನಮಗಿದ್ದ ಖಾರ ಅಂದರೆ ಕರಿಮೆಣಸು. ಹೊಸ ಕಾಯಿ ಬಂದಾಗ ಹಳೇ ಹೆಸರನ್ನೇ ಅದಕ್ಕೂ ಹಚ್ಚಿದರು, ಅದಕ್ಕೇ ಮೆಣಸಿನ ಕಾಯಿ. ಫಾರ್ವರ್ಡ್ ಮಾಡುವ ಮುಂಚೆ ಎರಡು ನಿಮಿಷ ಹುಡುಕಿದ್ದರೆ ಸಿಗುತ್ತಿತ್ತು.

ದೊಡ್ಡಪ್ಪ: ಬ್ಯಾಡಗಿ ಪೇಟೆಗೆ ನಾನು ನನ್ನ ಅಪ್ಪನ ಜೊತೆ ಎತ್ತಿನ ಗಾಡಿಯಲ್ಲಿ ಹೋಗಿದ್ದೇನೆ. ನನಗೆ ಮೆಣಸಿನಕಾಯಿ ಪಾಠ ಹೇಳಬೇಡ.

ಬೆಂಗಳೂರು ಅಣ್ಣ: ಅಪ್ಪಾ, ಬ್ಯಾಡಗಿಗೆ 2011ರಲ್ಲಿ ಜಿಐ, ಅಂದರೆ ಭೌಗೋಳಿಕ ಗುರುತಿನ ಮಾನ್ಯತೆ ಸಿಕ್ಕಿದ್ದು ನಿಜ. ಅದು ಆ ಊರಿನ ಬೆಳೆಯ ಗುಣಕ್ಕೆ ಕೊಟ್ಟದ್ದು. ಗಿಡದ ತವರು ಬೇರೆ.

ದೊಡ್ಡಪ್ಪ: ತವರಿನ ಮಾತು ನೀನು ಆಡುತ್ತೀಯಾ? ಎಲ್ಲದಕ್ಕೂ ಮೂಲ ಕೇಳುವವನು ಯುಗಾದಿಗೆ ಮೂಲ ಮನೆಗೆ ಬಂದೆಯಾ?

ಇದಾದ ಮೇಲೆ ಮೆಣಸಿನಕಾಯಿಯನ್ನು ಯಾರು ಕೇಳುತ್ತಾರೆ. ಯುಗಾದಿಗೆ ರಜೆ ಸಿಗಲಿಲ್ಲ ಅಂತ ಇವನು, ಗೋವಾಕ್ಕೆ ಹೋಗಲು ಸಿಕ್ಕಿತ್ತಲ್ಲ ಅಂತ ಅವರು. ನಡುವೆ ಉಡುಪಿ ಚಿಕ್ಕಮ್ಮ, 'ನಮ್ಮ ಕಡೆ ಮೆಣಸು ಅಂದರೆ ಮೆಣಸಿನಕಾಯಿಯೇ, ಕರಿಮೆಣಸಿಗೆ ಒಳ್ಳೆಮೆಣಸು ಅಂತಾರೆ, ಹಾಗಾದರೆ ಇದು ಕೆಟ್ಟ ಮೆಣಸಾ' ಅಂತ ಕೇಳಿದರು. ನಿಜಕ್ಕೂ ಒಳ್ಳೇ ಪ್ರಶ್ನೆ. ಯಾರೂ ಉತ್ತರ ಕೊಡಲಿಲ್ಲ.

ಗಮನ ಬೇರೆ ಕಡೆ ತಿರುಗಿಸೋಣ ಅಂತ ನಾನು ಟರ್ಲಿಂಗುವಾ ಕಥೆ ಹಾಕಿದೆ. ಟೆಕ್ಸಸ್‌ನ ಪಶ್ಚಿಮದ ಮೂಲೆಯಲ್ಲಿ ಟರ್ಲಿಂಗುವಾ ಅಂತ ಒಂದು ಪಾಳು ಗಣಿ ಊರು. ಎಚ್. ಅಲೆನ್ ಸ್ಮಿತ್ ಅನ್ನುವ ಲೇಖಕರು ಚಿಲಿ ಬಗ್ಗೆ ನನಗಿಂತ ಜಾಸ್ತಿ ಗೊತ್ತಿರುವವರೇ ಇಲ್ಲ ಅಂತ ಪತ್ರಿಕೆಯಲ್ಲಿ ಬರೆದರು. ಟೆಕ್ಸಸ್‌ನವರಿಗೆ ಉರಿಯಿತು. ತಮ್ಮ ಕಡೆಯಿಂದ ವಿಕ್ ಫೌಲರ್ ಅನ್ನುವ ಪತ್ರಕರ್ತರನ್ನು ನಿಲ್ಲಿಸಿದರು. 1967ರಲ್ಲಿ ಇಬ್ಬರೂ ಅಲ್ಲಿ ಎದುರುಬದುರು ಒಲೆ ಹಚ್ಚಿದರು. ತೀರ್ಪುಗಾರರಲ್ಲಿ ಒಬ್ಬರು ನನ್ನ ನಾಲಿಗೆಯೇ ಸತ್ತುಹೋಯಿತು ಅಂದುಬಿಟ್ಟರು, ಆಟ ಸಮ ಅಂತ ಘೋಷಿಸಿದರು. ಈಗಲೂ ಪ್ರತಿ ನವೆಂಬರ್‌ನಲ್ಲಿ ಅಲ್ಲಿ ಸ್ಪರ್ಧೆ ನಡೆಯುತ್ತದೆ. ಅಲ್ಲಿನ ನಿಯಮದ ಪ್ರಕಾರ ಪಾತ್ರೆಯಲ್ಲಿ ಒಂದು ಕಾಳೂ ಕಾಣಬಾರದು. ರಾಜ್ಮಾ ಹಾಕಿದ್ದು ಟೆಕ್ಸಸ್‌ನವರ ಲೆಕ್ಕಕ್ಕೆ ಚಿಲಿಯೇ ಅಲ್ಲ. ಸಿನ್ಸಿನಾಟಿ ಊರಿನಲ್ಲಂತೂ ಚಕ್ಕೆ ಲವಂಗ ಹಾಕಿ ಸ್ಪಗೆಟಿ ಮೇಲೆ ಸುರಿದುಕೊಳ್ಳುತ್ತಾರೆ, ಆ ಮಾತು ತೆಗೆದರೆ ಇಲ್ಲಿನವರು ಕುರ್ಚಿ ಬಿಟ್ಟು ಏಳುತ್ತಾರೆ.

ನಗುತ್ತಾರೆ ಅಂದುಕೊಂಡಿದ್ದೆ. ದೊಡ್ಡಪ್ಪನ ಕಣ್ಣು ಮಾಂಸದ ಮೇಲೆ ಬಿತ್ತು.

ದೊಡ್ಡಪ್ಪ: ಪುಟ್ಟಿ, ಅಲ್ಲಿ ಎಲ್ಲರ ಪಾತ್ರೆಗೂ ಒಂದೇ ಸೌಟಾ?

ನಾನು: ಇಲ್ಲ ದೊಡ್ಡಪ್ಪ, ಬೇರೆ ಬೇರೆ ಇರುತ್ತೆ.

ದೊಡ್ಡಪ್ಪ: ನಿನಗೆ ಹೇಗೆ ಗೊತ್ತು? ಅನ್ನ ದೇವರು. ಅನ್ನದಲ್ಲಿ ನಾನು ಗೆದ್ದೆ ನೀನು ಸೋತೆ ಅನ್ನುವುದು ನಮ್ಮ ಪದ್ಧತಿ ಅಲ್ಲ.

ಹುಬ್ಬಳ್ಳಿ ಅತ್ತೆ: ಹೌದಾ ಅಣ್ಣ? ಜಾತ್ರೆಯಲ್ಲಿ ಮೂವತ್ತೆರಡು ಹೋಳಿಗೆ ತಿಂದು ಪಂದ್ಯ ಗೆದ್ದವರು ಯಾರು?

ಸರಿಯಾಗಿ ಇದೇ ಹೊತ್ತಿಗೆ ಶಿವಮೊಗ್ಗದ ತಂಗಿ ನಿದ್ದೆಯಿಂದ ಎದ್ದಳು. ಅವಳು ಮೇಲಿನದ್ದು ಒಂದೂ ಓದುವುದಿಲ್ಲ. ಒಂದು ಪದ ಕಣ್ಣಿಗೆ ಬಿದ್ದರೆ ಸಾಕು, ಬಾಲ್ಯಕ್ಕೆ ಹೋಗಿಬಿಡುತ್ತಾಳೆ.

ಶಿವಮೊಗ್ಗದ ತಂಗಿ: ಅಯ್ಯೋ ಮೆಣಸಿನಕಾಯಿ ಅಂದರೆ ಅಜ್ಜಿ ನೆನಪಾಗುತ್ತಾರೆ. ಅಂಗಳದಲ್ಲಿ ಹಳೇ ಸೀರೆ ಹಾಸಿ ಬ್ಯಾಡಗಿ ಒಣಹಾಕುತ್ತಿದ್ದರು, ತೊಟ್ಟು ಮುರಿಯುವ ಕೆಲಸ ನಮ್ಮದು, ಅದೇ ಕೈಯಲ್ಲಿ ಕಣ್ಣು ಉಜ್ಜಿಕೊಂಡು ಅಳುವುದೂ ನಮ್ಮದೇ. ಆಮೇಲೆ ಡಬ್ಬ ಹೊತ್ತುಕೊಂಡು ಗಿರಣಿಗೆ. ಗಿರಣಿಯವರು ಖಾರ ಇದ್ದರೆ ಕೊನೆಗೆ ಇಡಿ ಅನ್ನುತ್ತಿದ್ದರು, ಇಲ್ಲದಿದ್ದರೆ ಹಿಂದಿನಿಂದ ಬಂದವರ ಜೋಳದ ರೊಟ್ಟಿ ಕೆಂಪಗಾಗುತ್ತಿತ್ತು. ಆ ಘಾಟು, ಆ ಸೀನು! ಅಜ್ಜಿಯ ಹುಳಿಪುಡಿ ವಾಸನೆ ಈಗ ಯಾರ ಮನೆಯಲ್ಲೂ ಇಲ್ಲ.

ಕೊನೆಯ ಸಾಲು ಬರೆಯಬಾರದಿತ್ತು.

ಉಡುಪಿ ಚಿಕ್ಕಮ್ಮ: ಹೇಗೆ ಇರುತ್ತದೆ? ಅಜ್ಜಿ ನನಗೆ ಕೊಟ್ಟ ಲೆಕ್ಕದಲ್ಲಿ ಕಲ್ಲುಹೂವು ಇರಲೇ ಇಲ್ಲ. ಹನ್ನೆರಡು ವರ್ಷ ನಾನು ಅದಿಲ್ಲದೆ ಪುಡಿ ಮಾಡಿದೆ. ಬೇರೆಯವರಿಗೆ ಮಾತ್ರ ಪೂರ್ತಿ ಚೀಟಿ.

ಹುಬ್ಬಳ್ಳಿ ಅತ್ತೆ: ಬೇರೆಯವರು ಅಂದರೆ ಯಾರು?

ಉಡುಪಿ ಚಿಕ್ಕಮ್ಮ: ನಾನು ಯಾರ ಹೆಸರೂ ಹೇಳಲಿಲ್ಲ.

ಹುಬ್ಬಳ್ಳಿ ಅತ್ತೆ: ಸೊಸೆಗೆ ಕೇಳುವ ಬಾಯಿ ಇರಬೇಕು. ನನ್ನಮ್ಮ ಸತ್ತ ಮೇಲೆ ಅವಳ ಮೇಲೆ ಕಳ್ಳತನ ಹೊರಿಸಬೇಡಿ.

'ಹುಬ್ಬಳ್ಳಿ ಅತ್ತೆ ಗುಂಪನ್ನು ತೊರೆದರು.' ಅವರು ತೊರೆಯುವುದು ಇದು ನಾಲ್ಕನೇ ಸಲ. ಅಡ್ಮಿನ್ ದೊಡ್ಡಪ್ಪನೇ, ಹತ್ತು ನಿಮಿಷ ಬಿಟ್ಟು ಮತ್ತೆ ಸೇರಿಸಿದರು. ಕಲ್ಲುಹೂವಿಗೆ ಹಸಿಯಾಗಿದ್ದಾಗ ಅಷ್ಟಾಗಿ ವಾಸನೆ ಇರುವುದಿಲ್ಲ, ಎಣ್ಣೆಯಲ್ಲಿ ಹುರಿದರೆ ಘಮ ಬಿಡುತ್ತದೆ. ಲೆಕ್ಕ ಹೇಳುವಾಗ ಅಜ್ಜಿಗೆ ಅದನ್ನು ಬಿಟ್ಟುಬಿಡುವುದು ಸುಲಭವೇ ಆಗಿತ್ತು. ಬೇಕೆಂದೇ ಬಿಟ್ಟರು ಅಂತಲೇ ನನ್ನ ಅನುಮಾನ, ಗುಂಪಿನಲ್ಲಿ ಹೇಳುವ ಧೈರ್ಯ ಇಲ್ಲ.

ಈ ಗಲಾಟೆ ಓದುತ್ತಾ ನಾನು ಅಡುಗೆಮನೆಯಲ್ಲಿ ಕೆಲಸ ಮುಗಿಸುತ್ತಿದ್ದೆ. ಬ್ಯಾಡಗಿ ಪುಡಿ ಸೂಟ್‌ಕೇಸಿನಲ್ಲಿ ತಂದದ್ದು ಇತ್ತು. ಇಲ್ಲಿನವರು ಬಳಸುವ ಆಂಚೋ ಮೆಣಸಿನಕಾಯಿಯ ಕೆಲಸವನ್ನು ಅದು ಚೆನ್ನಾಗಿಯೇ ಮಾಡುತ್ತದೆ, ನಮ್ಮ ಬೇರೆ ಮೆಣಸಿನಕಾಯಿಗಳಿಗಿಂತ ಬಣ್ಣ ಜಾಸ್ತಿ, ಖಾರ ಕಮ್ಮಿ. ಈರುಳ್ಳಿ, ಟೊಮೆಟೊ, ಜೀರಿಗೆ, ಎಲ್ಲ ಹುರಿದಾಯಿತು. ಬೆಳಿಗ್ಗೆಯಿಂದ ನೆಂದ ರಾಜ್ಮಾವನ್ನು, ನೋಡಿ, ನಾನೂ ಅದೇ ಫಾರ್ವರ್ಡ್ ನೆನಪಿಟ್ಟುಕೊಂಡು, ಹಾಗೇ ಸ್ಲೋ ಕುಕ್ಕರ್‌ಗೆ ಸುರಿದು, ಸಣ್ಣ ಉರಿಗೆ ತಿರುಗಿಸಿದೆ. ಬೆಳಗಿನವರೆಗೆ ಬೇಯಲಿ ಅಂತ.

ಹನ್ನೊಂದು ಗಂಟೆಗೆ ಅಮ್ಮನ ಮೆಸೇಜ್ ಬಂತು, ನನಗೊಬ್ಬಳಿಗೇ. ಅಮ್ಮ ಗುಂಪಿನಲ್ಲಿ ಹೆಬ್ಬೆರಳು ಬಿಟ್ಟು ಇನ್ನೇನೂ ಕಳಿಸುವವಳಲ್ಲ.

ಅಮ್ಮ: ರಾಜ್ಮಾ ಕುದಿಸಿದೆಯಾ?

ನಾನು: ಇಲ್ಲ, ಹಾಗೇ ಹಾಕಿದೆ. ಯಾಕೆ?

ಅಮ್ಮ: ಆರನೇದು ಓದಿದೆ. ಸರಿ ಅನ್ನಿಸಲಿಲ್ಲ. ಹಸಿ ಕಾಳು ಹೊಟ್ಟೆ ಕೆಡಿಸುತ್ತೆ. ತೆಗೆದು ಕುಕ್ಕರಿನಲ್ಲಿ ಐದು ವಿಷಲ್ ಕೂಗಿಸು.

ಹುಡುಕಿ ನೋಡಿದೆ. ಅಮೆರಿಕದ ಆಹಾರ ಮತ್ತು ಔಷಧ ಇಲಾಖೆಯೇ ಬರೆದಿದೆ. ಕೆಂಪು ರಾಜ್ಮಾದಲ್ಲಿ ಫೈಟೊಹೀಮಗ್ಲುಟಿನಿನ್ ಅನ್ನುವ ವಿಷ ಇರುತ್ತದೆ, ಹಸಿಯಾದ ನಾಲ್ಕೈದು ಕಾಳು ಸಾಕು, ಮೂರು ಗಂಟೆಯೊಳಗೆ ವಾಂತಿ ಶುರು. ಕನಿಷ್ಠ ಐದು ಗಂಟೆ ನೆನೆಸಿ, ಆ ನೀರು ಚೆಲ್ಲಿ, ಹೊಸ ನೀರಿನಲ್ಲಿ ಅರ್ಧ ಗಂಟೆ ಕೊತಕೊತ ಕುದಿಸಬೇಕು. ಸ್ಲೋ ಕುಕ್ಕರ್‌ನ ಸಣ್ಣ ಉರಿ ಅಷ್ಟು ಬಿಸಿ ಆಗದೇ ಇರಬಹುದು, 80 ಡಿಗ್ರಿ ಹತ್ತಿರ ಅರೆಬೆಂದರೆ ಆ ವಿಷ ಹಸಿ ಕಾಳಿಗಿಂತ ಐದು ಪಟ್ಟಿನವರೆಗೂ ಏರಬಹುದು. ಅಂದರೆ ಆರನೇ ಗುಟ್ಟನ್ನು ನಂಬಿದ್ದರೆ ಮರುದಿನ ನಮ್ಮ ಇಡೀ ಮಹಡಿಯ ಜನ ಸಾಲಾಗಿ ಬಚ್ಚಲಿಗೆ ಓಡುತ್ತಿದ್ದರು.

ಎಲ್ಲ ಸೋಸಿ, ನೀರು ಚೆಲ್ಲಿ, ಕುದಿಸಿ, ಕುಕ್ಕರ್ ಕೂಗಿಸಿ ಮಲಗುವಾಗ ಒಂದೂವರೆ. ಮಲಗುವ ಮುಂಚೆ ಇದಿಷ್ಟನ್ನೂ ಇಲಾಖೆಯ ಲಿಂಕ್ ಸಮೇತ ಗುಂಪಿಗೆ ಹಾಕಿದೆ. ಮೂಲ ಸಮೇತ! ಬೆಂಗಳೂರು ಅಣ್ಣ ಖುಷಿಪಡುತ್ತಾನೆ ಅಂದುಕೊಂಡೆ. ಅವನು ಗೋವಾ ಟಿಕೆಟಿನ ದಿನಾಂಕ ತೋರಿಸುವುದರಲ್ಲಿ ಮುಳುಗಿದ್ದ. ದೊಡ್ಡಪ್ಪ ಕೈಮುಗಿದ ಚಿತ್ರ ಹಾಕಿದರು. ಚಿಕ್ಕಮ್ಮ, 'ನಮ್ಮಲ್ಲಿ ಅಲಸಂಡೆ ಕಾಳು ಹಾಕುತ್ತೇವೆ, ಏನೂ ಆಗುವುದಿಲ್ಲ' ಅಂದರು. ಅತ್ತೆ ಮಾತ್ರ ಪೂರ್ತಿ ಓದಿದ್ದರು.

ಹುಬ್ಬಳ್ಳಿ ಅತ್ತೆ: ಅಂದರೆ ನಾನು ಕಳಿಸಿದ್ದು ತಪ್ಪು ಅಂತ ಎಲ್ಲರ ಮುಂದೆ ಹೇಳಿದ ಹಾಗಾಯಿತು. ಸಂತೋಷ.

ಸ್ಪರ್ಧೆಯಲ್ಲಿ ನನಗೆ ಬಹುಮಾನ ಬರಲಿಲ್ಲ. ಕಾಳು ಕಂಡ ಕೂಡಲೇ ಇಬ್ಬರು ಇದು ಚಿಲಿ ಅಲ್ಲ ಅಂದರು, ಅಂದು ಎರಡೆರಡು ಬಟ್ಟಲು ತಿಂದರು. ಪಾತ್ರೆ ಖಾಲಿ ಆಯಿತು. ಸಂಜೆ ಅತ್ತೆ ಬೇರೆಯಾಗಿ ಮೆಸೇಜ್ ಮಾಡಿದರು. ಕಾಫಿ ಪುಡಿ ಹಾಕಿದ್ದೆಯಾ, ನಿಜ ಹೇಳು. ಹಾಕಿದ್ದೆ, ಅರ್ಧ ಚಮಚ, ಚೆನ್ನಾಗಿತ್ತು ಅತ್ತೆ ಅಂತ ಬರೆದೆ. ನಿಜವೇ, ಬ್ಯಾಡಗಿಯ ಸಿಹಿಗೆ ಆ ಸಣ್ಣ ಕಹಿ ಸರಿಯಾಗಿ ಕೂತಿತ್ತು.

ಎರಡು ನಿಮಿಷದಲ್ಲಿ ನನ್ನ ಉತ್ತರದ ಸ್ಕ್ರೀನ್‌ಶಾಟ್ 'ಹಳೇಮನೆ'ಗೆ ಬಂದು ಬಿತ್ತು. ಕೆಳಗೆ ಅತ್ತೆಯ ಒಂದೇ ಸಾಲು: 'ಪಂಕ್ತಿಯಲ್ಲಿ ನಕ್ಕವರ ಗಮನಕ್ಕೆ.'

ಬೆಂಗಳೂರು ಅಣ್ಣ ಟೈಪ್ ಮಾಡುತ್ತಿದ್ದಾನೆ ಅಂತ ತೋರಿಸಿತು. ತುಂಬಾ ಹೊತ್ತು ತೋರಿಸಿತು.

ಬೆಂಗಳೂರು ಅಣ್ಣ: ಒಂದು ಪಾತ್ರೆಯಿಂದ ಏನೂ ಸಾಬೀತಾಗುವುದಿಲ್ಲ ಅತ್ತೆ.