ಅಪ್‌ಡೇಟ್: ಒಕಿನಾವಾದಲ್ಲಿ ಓಡಾಟ ಮತ್ತು ಸಸ್ಯಾಹಾರ

ಅಪ್ಪ ಅಮ್ಮನ ಜೊತೆ ಜಪಾನಿನ ಒಕಿನಾವಾಗೆ ಹೋದರೆ ಓಡಾಟಕ್ಕೆ, ಸಸ್ಯಾಹಾರಕ್ಕೆ ಏನು ದಾರಿ ಅಂತ ಕೇಳಿದ್ದೆ. ಹೋಗಿ ಬಂದೆವು. ಉತ್ತರ ಕೊಟ್ಟ ಎಲ್ಲರಿಗೂ ಥ್ಯಾಂಕ್ಸ್.

ಆರ್‌ಟಿಓದಲ್ಲಿ ಇಂಟರ್‌ನ್ಯಾಷನಲ್ ಡ್ರೈವಿಂಗ್ ಪರ್ಮಿಟ್ ಮಾಡಿಸಿ ಕಾರು ಬಾಡಿಗೆಗೆ ತಗೊಳ್ಳಿ ಅಂದಿದ್ದರಲ್ಲ, ಅದೇ ಕೈ ಹಿಡಿಯಿತು. ಅಲ್ಲೂ ನಮ್ಮ ಹಾಗೆ ಎಡಗಡೆಯೇ ಓಡಿಸುವುದು. ನಮ್ಮ ಲೈಸೆನ್ಸ್, ಪಾಸ್‌ಪೋರ್ಟ್ ಕೂಡ ಕೇಳುತ್ತಾರೆ, ಜೊತೆಗಿರಲಿ. ಚುರಾಉಮಿ ಅಕ್ವೇರಿಯಂ ಒಕಿನಾವಾದ ರಾಜಧಾನಿ ನಹಾದಿಂದ ಸುಮಾರು 2 ಗಂಟೆ ದೂರ. ಮೋನೋರೈಲು ಅಷ್ಟು ಉತ್ತರಕ್ಕೆ ಹೋಗುವುದೇ ಇಲ್ಲ. ನಹಾ ಊರೊಳಗೆ ಮಾತ್ರ ಅದೇ ಸುಲಭ. ಒಂದು ದಿನದ ಪಾಸ್ ಮೊದಲ ಸಲ ಬಳಸಿದ ಹೊತ್ತಿನಿಂದ 24 ಗಂಟೆ ನಡೆಯುತ್ತದೆ!

"ಮಾಂಸ ತೆಗೆದು ಸೋಬಾ (ಸಾರಿನಲ್ಲಿ ಕೊಡುವ ಅಲ್ಲಿನ ನೂಡಲ್ಸ್) ಕೊಡಿ ಅನ್ನಿ" ಎಂಬ ಸಲಹೆ ಕೆಲಸಕ್ಕೆ ಬರಲಿಲ್ಲ. ಅದರ ಸಾರೇ ಹಂದಿ ಮೂಳೆ, ಒಣಮೀನಿನದು. ಅಡುಗೆಮನೆ ಇರುವ ರೂಮ್ ಹಿಡಿಯಿರಿ ಅಂದವರ ಮಾತೇ ಸರಿ. ಸೂಪರ್‌ಮಾರ್ಕೆಟ್‌ನಲ್ಲಿ ತೋಫು, ಅಕ್ಕಿ ಸಿಗುತ್ತವೆ. ಅಚ್ಚರಿ ಅಂದ್ರೆ ಹಾಗಲಕಾಯಿ ಅಲ್ಲಿನವರ ಅಚ್ಚುಮೆಚ್ಚಿನ ತರಕಾರಿ! ಅಮ್ಮ ಪಲ್ಯ ಮಾಡಿಯೇ ಬಿಟ್ಟರು.

ಇನ್ನೊಂದು ವಿಷಯ. ಜೂನ್‌ನಿಂದ ಅಕ್ಟೋಬರ್‌ವರೆಗೆ ಸಮುದ್ರದಲ್ಲಿ ವಿಷದ ಜೆಲ್ಲಿಮೀನುಗಳ ಕಾಟ ಇರುತ್ತದೆ. ಬಲೆ ಕಟ್ಟಿದ ಬೀಚ್‌ನಲ್ಲೇ ನೀರಿಗಿಳಿಯಿರಿ.