ನಿಜ ಘಟನೆಯ ಕ್ರೈಮ್ ಬರಹ ಬೇಕು, ಬರೀ ರಕ್ತ ಬೇಡ. ಎಲ್ಲಿಂದ ಶುರು ಮಾಡಲಿ?

ಪ್ರಶ್ನೆ: ಕ್ರೈಮ್ ವಾರಪತ್ರಿಕೆ ಓದಿಕೊಂಡೇ ಬೆಳೆದವಳು ನಾನು. ಈಗ ಅದೇ ಮಚ್ಚು, ಅದೇ ರಕ್ತ ಸಾಕಾಗಿದೆ. ಠಾಣೆ, ಕೋರ್ಟು ನಿಜವಾಗಿ ಹೇಗೆ ನಡೆಯುತ್ತವೆ ಅಂತ ತಿಳಿಸುವ ಬರಹ ಬೇಕು. ನಮ್ಮ ತಾಲ್ಲೂಕಿನ ಹಳೇ ಕೊಲೆ ಕೇಸಿನ ಬಗ್ಗೆ ಬರೆಯುವ ಆಸೆಯೂ ಇದೆ. ಅನುಭವ ಇದ್ದವರು ಹೇಳಿ.

ಉತ್ತರ 1: ತಮಿಳು ಬಂದರೆ ಚಂದ್ರಕುಮಾರ್ ಬರೆದ 'ಲಾಕಪ್' ಓದಿ. ಅವರು ಕೊಯಮತ್ತೂರಿನ ಆಟೋ ಚಾಲಕರು. ಗುಂಟೂರಿನಲ್ಲಿದ್ದಾಗ ಪೊಲೀಸರು ಹಿಡಿದು, ಮಾಡದ ಕಳ್ಳತನ ಒಪ್ಪಿಕೋ ಅಂತ ಹೊಡೆದಿದ್ದನ್ನು ತಾವೇ ಬರೆದಿದ್ದಾರೆ. 2015ರ 'ವಿಸಾರಣೈ' ಸಿನಿಮಾಕ್ಕೆ ಅದೇ ಆಧಾರ. ಸಿನಿಮಾ ನೋಡಿದ ಮೇಲೆ 'ಆರೋಪಿ ತಪ್ಪೊಪ್ಪಿಕೊಂಡಿದ್ದಾನೆ' ಅನ್ನೋ ಸುದ್ದಿಯನ್ನು ನಾನು ಮೊದಲಿನ ಹಾಗೆ ಓದೋಕೆ ಆಗಲ್ಲ.

ಉತ್ತರ 2: ನಾನು ವಕೀಲ, ಕ್ರಿಮಿನಲ್ ಕಡೆ. ಮೇಲಿನವರು ಹೇಳಿದ ಆ ಸುದ್ದಿಯ ಬಗ್ಗೆ ಒಂದು ಮಾತು. ಪೊಲೀಸರ ಮುಂದೆ ಒಪ್ಪಿಕೊಂಡಿದ್ದು ಆರೋಪಿಯ ವಿರುದ್ಧ ಸಾಕ್ಷಿ ಆಗಲ್ಲ. ಆ ಹೇಳಿಕೆಯಿಂದ ಚಾಕುವೋ ಒಡವೆಯೋ ಸಿಕ್ಕರೆ, ಅದಕ್ಕೆ ಸಂಬಂಧಪಟ್ಟಷ್ಟು ಮಾತು ಮಾತ್ರ ನಿಲ್ಲುತ್ತೆ. ಅದಕ್ಕೇ ಕೇಸಿನ ಜೀವ ಇರೋದು ಮಹಜರಿನಲ್ಲಿ, ಅಂದರೆ ಸ್ಥಳದಲ್ಲಿ ಕಂಡಿದ್ದು, ಸಿಕ್ಕಿದ್ದನ್ನು ಸಾಕ್ಷಿಗಳ ಮುಂದೆ ಬರೆದಿಡುವ ದಾಖಲೆಯಲ್ಲಿ. ಪಂಚರು (ಆ ಸಾಕ್ಷಿಗಳು) ಯಾರು, ಎಷ್ಟು ಗಂಟೆಗೆ ಸಹಿ ಹಾಕಿದರು, ಕೋರ್ಟಿನಲ್ಲಿ ಮಾತು ಬದಲಿಸಿ ತಿರುಗಿ ಬಿದ್ದರಾ? ಇದನ್ನೆಲ್ಲ ಹೇಳದ ಕ್ರೈಮ್ ಬರಹ ನನ್ನ ಪ್ರಕಾರ ಅರ್ಧ ಬರಹ.

ಇಂಥ ಬರಹಕ್ಕೆ ಶಕ್ತಿ ಇದೆಯಾ ಅಂದರೆ, ಇದೆ. 1979ರ ಜನವರಿಯಲ್ಲಿ ಇಂಡಿಯನ್ ಎಕ್ಸ್‌ಪ್ರೆಸ್‌ನಲ್ಲಿ ಬಿಹಾರದ ವಿಚಾರಣಾಧೀನ ಕೈದಿಗಳ ಬಗ್ಗೆ ಕೆ.ಎಫ್. ರುಸ್ತುಂಜಿ ಬರೆದರು. ಅವರು ಪೊಲೀಸ್ ಅಧಿಕಾರಿಯಾಗಿದ್ದವರೇ, ಗಡಿ ಭದ್ರತಾ ಪಡೆಯ (ಬಿಎಸ್‌ಎಫ್) ಮೊದಲ ಮುಖ್ಯಸ್ಥರು. ಅಪರಾಧ ಸಾಬೀತಾದರೂ ಸಿಗುತ್ತಿದ್ದ ಗರಿಷ್ಠ ಶಿಕ್ಷೆಗಿಂತ ಜಾಸ್ತಿ ಕಾಲ, ವಿಚಾರಣೆಯೇ ಇಲ್ಲದೆ ಒಳಗಿದ್ದವರು ಅಲ್ಲಿದ್ದರು. ಅದನ್ನೋದಿ ವಕೀಲೆ ಕಪಿಲಾ ಹಿಂಗೋರಾನಿ ಸುಪ್ರೀಂ ಕೋರ್ಟಿಗೆ ಹೋದರು. ಅದೇ ಹುಸೈನಾರಾ ಖಾತೂನ್ ಕೇಸು. ಬೇಗ ವಿಚಾರಣೆ ನಡೆಯೋದು ಸಂವಿಧಾನದ 21ನೇ ವಿಧಿಯ (ಜೀವ, ಸ್ವಾತಂತ್ರ್ಯದ) ಹಕ್ಕು ಅಂತ ಕೋರ್ಟು ಹೇಳಿದ್ದು ಅದರಲ್ಲೇ.

ಡಿ.ಕೆ. ಬಸು ಕೇಸೂ ಹಾಗೇ. ಬಸು ಪಶ್ಚಿಮ ಬಂಗಾಳದ ಕಾನೂನು ನೆರವು ಸಂಸ್ಥೆಯೊಂದರ ಮುಖ್ಯಸ್ಥರು. ಲಾಕಪ್ ಸಾವಿನ ಪತ್ರಿಕಾ ವರದಿಗಳ ಬಗ್ಗೆ ಅವರು 1986ರಲ್ಲಿ ಸುಪ್ರೀಂ ಕೋರ್ಟಿನ ಮುಖ್ಯ ನ್ಯಾಯಮೂರ್ತಿಗಳಿಗೆ ಪತ್ರ ಬರೆದರು. ಅದನ್ನೇ ಅರ್ಜಿ ಅಂತ ತೆಗೆದುಕೊಂಡ ಕೋರ್ಟು 1996ರಲ್ಲಿ 11 ನಿಯಮ ಹಾಕಿತು. ಬಂಧಿಸುವ ಪೊಲೀಸರು ಹೆಸರಿನ ಬಿಲ್ಲೆ ಹಾಕಿರಬೇಕು, ಬಂಧನದ ಮೆಮೊಗೆ (ಬಂಧನದ ಲಿಖಿತ ದಾಖಲೆಗೆ) ಸಾಕ್ಷಿಯ ಸಹಿ ಇರಬೇಕು, 48 ಗಂಟೆಗೊಮ್ಮೆ ವೈದ್ಯರ ತಪಾಸಣೆ ಆಗಬೇಕು. ಎಲ್ಲ ಕಡೆ ಪಾಲನೆ ಆಗುತ್ತಾ ಅಂತ ಕೇಳಬೇಡಿ. ಆದರೆ ಆಗದಿದ್ದಾಗ ಕೋರ್ಟಿನಲ್ಲಿ ಎತ್ತಿ ತೋರಿಸೋಕೆ ಒಂದು ಆಧಾರ ಇದೆ.

ಉತ್ತರ 3: ಇದೇ ಶಕ್ತಿ ಉಲ್ಟಾನೂ ಹೊಡೆಯುತ್ತೆ ಸರ್. 2008ರ ನೋಯ್ಡಾ ಜೋಡಿ ಕೊಲೆ, ಆರುಷಿ ಅನ್ನೋ ಹುಡುಗಿ ಮತ್ತು ಮನೆಗೆಲಸದವನ ಕೊಲೆ, ನೆನಪಿದೆ ಅಲ್ವಾ? ಸತ್ತ ಹುಡುಗಿಯ ನಡತೆಯನ್ನೇ ಟಿವಿಯವರು ವಿಚಾರಣೆಗೆ ನಿಲ್ಲಿಸಿದರು. ತಂದೆ ತಾಯಿಗೆ 2013ರಲ್ಲಿ ಜೀವಾವಧಿ ಶಿಕ್ಷೆ ಆಯಿತು, 2017ರಲ್ಲಿ ಅಲಹಾಬಾದ್ ಹೈಕೋರ್ಟು ಬಿಡುಗಡೆ ಮಾಡಿತು. ಬರೆಯುವವರು ತೀರ್ಪಿಗೆ ಮುಂಚೆ ತೀರ್ಪು ಕೊಡಬಾರದು ಅಷ್ಟೇ.

ಪ್ರಶ್ನೆ ಕೇಳಿದವರು: ಎಲ್ಲರಿಗೂ ಥ್ಯಾಂಕ್ಸ್. ನಾನು ಬರೀಬೇಕು ಅಂದ್ಕೊಂಡಿರೋ ಕೇಸಿಗೆ ಪೇಪರ್ ಕಟಿಂಗ್ ಮಾತ್ರ ಇವೆ. ಸಾಕಾ?

ಉತ್ತರ 2: ಸಾಲಲ್ಲಮ್ಮ. ಕೇಸ್ ನಂಬರ್, ವರ್ಷ ಹಿಡಿದುಕೊಂಡು ತೀರ್ಪಿನ ನಕಲಿಗೆ ಅರ್ಜಿ ಹಾಕಿ. ನೀವು ಆ ಕೇಸಿನ ಕಕ್ಷಿದಾರರು ಅಲ್ಲದ್ದರಿಂದ ಯಾಕೆ ಬೇಕು ಅಂತ ಕಾರಣ ಬರೆಯಬೇಕಾಗುತ್ತೆ. ಮೊದಲು ಸಾಕ್ಷಿಗಳ ಪಾಟಿ ಸವಾಲಿನ (ಎದುರು ಪಕ್ಷದ ವಕೀಲರು ಪ್ರಶ್ನೆ ಕೇಳಿದ) ಭಾಗ ಓದಿ, ಕಥೆ ಅಲ್ಲೇ ಇರುತ್ತೆ. ಬಿಡುಗಡೆ ಆದವರು ಈಗಲೂ ಅದೇ ಊರಿನಲ್ಲಿದ್ದರೆ ಅವರ ಹೆಸರು ಬದಲಿಸಿ. ಅತ್ಯಾಚಾರದ ಸೆಕ್ಷನ್ ಇದ್ದರೆ ಸಂತ್ರಸ್ತೆಯ ಹೆಸರಾಗಲೀ ಗುರುತಾಗಲೀ ಎಲ್ಲೂ ಬರಬಾರದು. ಅದು ಅಪರಾಧ.