ಪದಚರ್ಚೆ: ಗರ್ಭಕೋಶ 'ಒಡೆಯುತ್ತದೆಯೋ', 'ಬಿರಿಯುತ್ತದೆಯೋ'? (ಇವತ್ತೇ ಬೇಕು)

ಎಲ್ಲರಿಗೂ ನಮಸ್ಕಾರ. ಹಿಂದಿನ ಹೆರಿಗೆ ಸಿಸೇರಿಯನ್ ಆಗಿ, ಈ ಸಲ ನಾರ್ಮಲ್ ಆಗಲಿ ಅನ್ನುವವರಿಗೆ ಒಂದು ಕರಪತ್ರ. ಅನುವಾದ ನನ್ನದು. ನಾಳೆ ಬೆಳಿಗ್ಗೆ ಅಚ್ಚಿಗೆ ಹೋಗಬೇಕು. ಸಿಕ್ಕಿಕೊಂಡಿರುವ ಸಾಲು ಇದು:

"ಸುಮಾರು 200ರಲ್ಲಿ ಒಬ್ಬರಿಗೆ ಹಳೆಯ ಹೊಲಿಗೆಯ ಜಾಗದಲ್ಲಿ ಗರ್ಭಕೋಶ ____."

'ಒಡೆಯಬಹುದು' ಅಂತ ಬರೆದಿದ್ದೆ. ಆದರೆ ಎರಡು ಸಾಲು ಕೆಳಗೆ 'ನೀರು ಒಡೆದರೆ ಗಾಬರಿಯಾಗದೆ ಆಸ್ಪತ್ರೆಗೆ ಬನ್ನಿ' ಅಂತಿದೆ. ಒಂದು ಪ್ರತಿ ಹೆರಿಗೆಯಲ್ಲೂ ಆಗುವಂಥದ್ದು. ಇನ್ನೊಂದರಲ್ಲಿ ತಾಯಿ, ಮಗು ಇಬ್ಬರ ಜೀವಕ್ಕೂ ಕುತ್ತು. ಎರಡಕ್ಕೂ ಒಂದೇ ಪದವಾದರೆ ಹೇಗೆ?

*

'ಬಿರಿ'. ನೆಲ ಬಿರಿಯುತ್ತದೆ, ಗೋಡೆ ಬಿರಿಯುತ್ತದೆ. ಇದರಲ್ಲಿ ಚರ್ಚೆ ಏನಿದೆ?

ಅದಿರಲಿ, 'ಸಿಸೇರಿಯನ್' ಯಾಕೆ? ಸೀಸರ್ ಹಾಗೆ ಹುಟ್ಟಿದ ಅನ್ನುವುದು ಸುಮ್ನೆ ಕಟ್ಟುಕತೆ. ಅವನು ದೊಡ್ಡ ದಂಡನಾಯಕನಾದ ಮೇಲೂ ತಾಯಿ ಬದುಕಿದ್ದಳು. ಆ ಕಾಲದಲ್ಲಿ ಹೊಟ್ಟೆ ಕೊಯ್ಸಿಕೊಂಡವಳು ಉಳಿಯುವುದುಂಟೇ? ಲ್ಯಾಟಿನ್ನಿನಲ್ಲಿ 'ಕೊಯ್ಯು' ಅನ್ನುವ ಧಾತು ಇದೆ, ಅದನ್ನು ಹಿಡಿಯಿರಿ. 'ಕೊಯ್ಹೆರಿಗೆ' ಅನ್ನಿ. ನಮ್ಮ 'ಹೆರು' ಹಳಗನ್ನಡದ 'ಪೆಱು'. ಪಡೆ ಅಂತ ಅರ್ಥ. ಎಷ್ಟು ಚೆನ್ನಾಗಿದೆ ನೋಡಿ.

*

ಹೂವೂ ಬಿರಿಯುತ್ತದೆ, ಮೇಷ್ಟ್ರೇ. ಬಸುರಿ ಓದುವ ಕಾಗದದಲ್ಲಿ ಅದು ಬೇಡ. 'ಕೊಯ್ಹೆರಿಗೆ' ಅಂದರೆ ಪೈರಿನ ಕೊಯ್ಲು ನೆನಪಾಗುತ್ತದೆ.

'ಹರಿ' ಅನ್ನೋಣ ಅಂದರೆ ರಕ್ತವೂ ಹರಿಯುತ್ತದೆ, ಬಟ್ಟೆಯೂ ಹರಿಯುತ್ತದೆ. ಇಲ್ಲಿ ಎರಡು ಬೇರೆ ಸಂಗತಿಗಳಿವೆ. ಹಳೆಯ ಗಾಯ ಒಳಗೊಳಗೇ ಸ್ವಲ್ಪ ಸಡಿಲವಾಗಿ, ಹೊರಪೊರೆ ಹಾಗೇ ಇದ್ದರೆ 'ಹೊಲಿಗೆ ಬಿಟ್ಟುಕೊಂಡಿದೆ'. ಎಷ್ಟೋ ಸಲ ಅದು ಗೊತ್ತೇ ಆಗುವುದಿಲ್ಲ. ಗೋಡೆ ಪೂರ್ತಿ ತೆರೆದುಕೊಂಡರೆ 'ಸೀಳಿಹೋಗಿದೆ'. ಆಗ ನಿಮಿಷಗಳಲ್ಲಿ ಆಪರೇಷನ್ ಆಗಬೇಕು. ನಿಮ್ಮ ಸಾಲಿಗೆ 'ಸೀಳಿಹೋಗಬಹುದು'.

ಇನ್ನೊಂದು ಮಾತು. ಆ 200ರ ಲೆಕ್ಕ ಗರ್ಭಕೋಶದ ಕೆಳಭಾಗದಲ್ಲಿ ಅಡ್ಡ ಕೊಯ್ದವರದ್ದು. ಮೇಲಿಂದ ಕೆಳಗೆ ಉದ್ದಕ್ಕೆ ಕೊಯ್ದಿದ್ದರೆ ಅಪಾಯ ಎಷ್ಟೋ ಪಟ್ಟು ಜಾಸ್ತಿ, ಸಾಮಾನ್ಯವಾಗಿ ನಾರ್ಮಲ್‌ಗೆ ಬಿಡುವುದೇ ಇಲ್ಲ. ಹೊಟ್ಟೆಯ ಮೇಲಿನ ಗೆರೆ ನೋಡಿ ಒಳಗಿನದನ್ನು ಹೇಳಲಾಗದು. ಹಳೆಯ ಆಪರೇಷನ್ ಚೀಟಿ ತರಲು ಬರೆಯಿರಿ. ನೋವು ಬರಿಸುವ ಔಷಧಿಯಿಂದಲೂ ಅಪಾಯ ಏರುತ್ತದೆ. ಪದದ ಗಲಾಟೆಯಲ್ಲಿ ಇದು ಬಿಟ್ಟುಹೋಗದಿರಲಿ.

*

'ವಿದಾರಣ' ಅನ್ನುವ ಪದ ಇರುವಾಗ ಈ ಒದ್ದಾಟ ಏಕೆ?

*

ಆ ಪದ ಓದಿದವಳು ಡಾಕ್ಟರನ್ನು ಬಿಟ್ಟು ಪಂಡಿತರನ್ನು ಹುಡುಕಬೇಕು, ಅದಕ್ಕೆ.

*

ಎಲ್ಲರಿಗೂ ಥ್ಯಾಂಕ್ಸ್. 'ಸೀಳಿಹೋಗಬಹುದು' ಹಾಕಿದೆ, ಚೀಟಿಯ ಮಾತೂ ಸೇರಿಸಿದೆ. ಸಿಸೇರಿಯನ್ ಹಾಗೇ ಇದೆ, ಕ್ಷಮಿಸಿ ಮೇಷ್ಟ್ರೇ. ತಲೆಬರಹ: 'ಸಿಸೇರಿಯನ್ ನಂತರ ಸಹಜ ಹೆರಿಗೆಯ ಪ್ರಯತ್ನ'. ಮೊದಲು 'ಪ್ರಯೋಗ' ಅಂತಿತ್ತು. ನಮ್ಮ ಮೇಲೆ ಏನೋ ಟೆಸ್ಟ್ ಮಾಡ್ತಾರೆ ಅಂತ ಹೆದರಿಯಾರು ಅಂತ ತೆಗೆದೆ. ನಾಲ್ವರಲ್ಲಿ ಸುಮಾರು ಮೂವರಿಗೆ ನಾರ್ಮಲ್ ಆಗುತ್ತದೆ ಅನ್ನುವುದನ್ನೂ ಮೊದಲ ಪುಟಕ್ಕೆ ತಂದಿದ್ದೇನೆ.

*

'ಸಹಜ' ಸಂಸ್ಕೃತ. 'ಪ್ರಯತ್ನ'ವೂ ಸಂಸ್ಕೃತ. ಇರಲಿ ಬಿಡಿ, ಅಚ್ಚಿಗೆ ಹೋಗಿದೆಯಲ್ಲ.